ಅಂಟುವಾಳದ ನೀರು

ಗಾಜಿನ ಮೇಜನ್ನು ಒರೆಸುವುದಕ್ಕೆ ನಮ್ಮಲ್ಲಿ ಕಾನೂನಿತ್ತು. ಕಾಯಿಸಿ ಆರಿಸಿದ ನೀರು, ಒಗೆದು ಬಿಸಿಲಿಗೆ ಹಾಕಿದ ಹಳೆಯ ಪಂಚೆಯ ತುಂಡು, ಅಷ್ಟೇ. ಸೋಪು ತಗುಲಬಾರದು, ಎಣ್ಣೆ ತಗುಲಬಾರದು. ತಲೆಗೆ ಎಣ್ಣೆ ಹಚ್ಚಿಕೊಂಡು ಬಂದ ದಿನ ನಾನು ಮೇಜಿನ ಮೇಲೆ ಬಗ್ಗುವ ಹಾಗೇ ಇರಲಿಲ್ಲ. ಕಿಟಕಿಯ ಪಕ್ಕದ ನನ್ನ ಕುರ್ಚಿಯಿಂದಲೇ ಕತ್ತು ಚಾಚಿ ನೋಡಬೇಕಿತ್ತು. ಕಾನೂನು ಮಾಡಿದವರು ಪ್ರೊಫೆಸರು. ಅದನ್ನು ದಿನಾ ತಪ್ಪದೆ ಪಾಲಿಸಿದವರು ಮೇಸ್ತ್ರಿ. ಮುರಿದವರೂ ಅವರೇ, ಒಂದೇ ಒಂದು ಸಲ. ಆ ಒಂದು ಸಲದ ಕಥೆಯನ್ನು ನಾನು ಇದುವರೆಗೆ ಯಾರ ಹತ್ತಿರವೂ ಹೇಳಿಲ್ಲ. ಹೇಳಿದರೆ ನನ್ನ ಮರ್ಯಾದೆ ಉಳಿಯುವುದಿಲ್ಲ. ಈ ವಯಸ್ಸಿನಲ್ಲಿ ಅದನ್ನು ಉಳಿಸಿಕೊಂಡು ಆಗಬೇಕಾದ್ದೂ ಏನಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಮೈಸೂರಿನ ಒಂದು ಕಾಲೇಜಿನ ಹಿತ್ತಲಲ್ಲಿ ಮಂಗಳೂರು ಹೆಂಚಿನ ಒಂದು ಷೆಡ್ಡು. ಪ್ರೊಫೆಸರು ವಿದೇಶದಲ್ಲಿ ಓದಿ ಬಂದಿದ್ದರು. ಅಲ್ಲಿಯ ಜನ ಅಣುಶಕ್ತಿಯಿಂದ ರಾಕೆಟ್ ಹಾರಿಸುವ ಯೋಚನೆಯಲ್ಲಿದ್ದರಂತೆ. ಅಣುವಿನ ಕುಲುಮೆಯೊಂದು ಜಲಜನಕವನ್ನು ಕಾಯಿಸುತ್ತದೆ, ಕಾದ ಗಾಳಿ ಹಿಂದಿನ ಮೂತಿಯಿಂದ ನುಗ್ಗಿ ಹೊರಗೆ ಹೋಗುತ್ತದೆ, ರಾಕೆಟ್ ಮುಂದಕ್ಕೆ ಹೋಗುತ್ತದೆ. ಇಷ್ಟು ಸುಲಭ. ಕಷ್ಟ ಇರುವುದು ಮೂತಿಯಿಂದ ಹೊರಗೆ ಬಿದ್ದ ಮೇಲೆ. ಅಲ್ಲಿ ಗಾಳಿಯಿಲ್ಲದ ಶೂನ್ಯ. ಅಲ್ಲಿ ಆ ಬಿಸಿ ಗಾಳಿ ನೇರವಾಗಿ ಹೋಗುತ್ತದೆಯೋ, ಅಗಲವಾಗಿ ಹರಡುತ್ತದೆಯೋ, ಇಲ್ಲ ಮೂತಿಯ ಅಂಚನ್ನು ಬಳಸಿಕೊಂಡು ಹಿಂದಿರುಗಿ ರಾಕೆಟ್ಟಿನ ಬೆನ್ನಿಗೇ ಬಡಿಯುತ್ತದೆಯೋ? ಇದರ ಬಗ್ಗೆ ಪ್ರೊಫೆಸರು ಹೊರದೇಶದ ಪತ್ರಿಕೆಯೊಂದಕ್ಕೆ ಪ್ರಬಂಧ ಬರೆಯುತ್ತಿದ್ದರು.

ನಮ್ಮಲ್ಲಿ ರಾಕೆಟ್ ಇರಲಿಲ್ಲ, ಕುಲುಮೆ ಇರಲಿಲ್ಲ, ಜಲಜನಕದ ಒಂದು ಸಿಲಿಂಡರ್ ತರಿಸಬೇಕಾದರೂ ಮೂರು ಕಡೆ ರುಜು ಹಾಕಿಸಬೇಕಿತ್ತು. ಇದ್ದದ್ದು ನೀರು. ಗಾಜಿನ ಮೇಲೆ ತೆಳ್ಳಗೆ ಓಡುವ ನೀರು, ವೇಗವಾಗಿ ನುಗ್ಗುವ ಗಾಳಿಯ ಹಾಗೆಯೇ ನಡೆದುಕೊಳ್ಳುತ್ತದೆ. ಎರಡರ ಸಮೀಕರಣಗಳೂ ಹೆಚ್ಚುಕಮ್ಮಿ ಅಕ್ಕತಂಗಿಯರು. ಹಾಗಾಗಿ ಮಂಚದಷ್ಟು ಉದ್ದದ ಗಾಜಿನ ಮೇಜು, ಅದರ ಮೇಲೆ ಮೂತಿಯ ಆಕಾರಕ್ಕೆ ಕೆತ್ತಿದ ಎರಡು ತೇಗದ ತುಂಡು, ನಡುವೆ ಹರಿಯುವ ನೀರು. ತುಂಡುಗಳು ಮುಗಿದ ಮೇಲಿನ ಒಣ ಗಾಜೇ ನಮ್ಮ ಶೂನ್ಯ. ಆಕಾಶವನ್ನು ನಾವು ದಿನಾ ಬೆಳಿಗ್ಗೆ ಹಳೆಯ ಪಂಚೆಯಲ್ಲಿ ಒರೆಸಿ ಒಣಗಿಸುತ್ತಿದ್ದೆವು.

ಆ ತೇಗವನ್ನು ಕೆತ್ತಿದವರು ಮೇಸ್ತ್ರಿ. ಕೆಸರೆಯವರು, ಬೇಸಾಯದ ಮನೆತನ. ಪಾಲಿಗೆ ಬಂದ ನೆಲ ಸಾಲದೆ ಮರಗೆಲಸ ಕಲಿತು ಕಾಲೇಜಿಗೆ ಬಂದಿದ್ದರು. ಕಾಗದದ ಮೇಲೆ ನಾನು ಬರೆದುಕೊಟ್ಟ ಗೆರೆಯನ್ನು ಉಗುರಿನಲ್ಲಿ ತಡವಿ ನೋಡಿ ಮರದಲ್ಲಿ ಇಳಿಸುತ್ತಿದ್ದರು. ಇಂಗ್ಲಿಷ್ ಬಾರದಿದ್ದರೂ ಅಂಕಿಗಳು ಮಾತ್ರ ಇಂಗ್ಲಿಷಿನಲ್ಲೇ ಗೊತ್ತು. ಫಾರ್ಟಿಫೈವ್, ಸಿಕ್ಸ್ಟಿ, ನೈಂಟಿ ಎಂದು ನಾವು ಕೂಗಿದ ಕೋನಕ್ಕೆ ಅವರ ಕೈ ತಾನಾಗಿ ತಿರುಗುತ್ತಿತ್ತು. ಹತ್ತು ವರ್ಷದಿಂದ ದಿನಗೂಲಿ. ಖಾಯಂ ಮಾಡಬೇಕಾದರೆ ಪ್ರೊಫೆಸರು ಒಂದು ಶಿಫಾರಸು ಬರೆಯಬೇಕಿತ್ತು.

ಶಿಫಾರಸು ನನಗೂ ಬೇಕಿತ್ತು. ನಾನು ಇಲವಾಲದ ಕಡೆಯವಳು. ಒಂಟಿಕೊಪ್ಪಲಿನ ಸೋದರತ್ತೆಯ ಮನೆಯಲ್ಲಿದ್ದು ಗಣಿತ ಓದಿದೆ. ನಮ್ಮ ಮನೆಯಲ್ಲಿ ಹೈಸ್ಕೂಲು ದಾಟಿದ ಮೊದಲ ಹೆಣ್ಣು. ಪ್ರೊಫೆಸರು ನನ್ನನ್ನು ಲೆಕ್ಕ ಮಾಡುವುದಕ್ಕೆ ಇಟ್ಟುಕೊಂಡಿದ್ದರು. ಹಿಡಿ ತಿರುಗಿಸುವ ಲೆಕ್ಕದ ಯಂತ್ರವೊಂದು ನನ್ನ ವಶದಲ್ಲಿತ್ತು. ಮುಂದಕ್ಕೆ ತಿರುಗಿಸಿದರೆ ಕೂಡುತ್ತದೆ, ಹಿಂದಕ್ಕೆ ತಿರುಗಿಸಿದರೆ ಕಳೆಯುತ್ತದೆ, ಸೊನ್ನೆ ದಾಟಿದರೆ ಗಂಟೆ ಹೊಡೆಯುತ್ತದೆ. ಗಾಳಿಯ ಹರಿವನ್ನು ಬಲೆಯ ಹಾಗೆ ಗಂಟುಗಂಟಾಗಿ ಹೆಣೆಯಬೇಕು. ಒಂದೊಂದು ಗಂಟಿನ ಲೆಕ್ಕವೂ ಅದರ ಹಿಂದಿನ ಎರಡು ಗಂಟುಗಳಿಂದ ಬರಬೇಕು. ಒಂದು ಕಡೆ ತಪ್ಪಿದರೆ ಅಲ್ಲಿಂದ ಮುಂದಕ್ಕೆ ಎಲ್ಲವೂ ಹಾಳು. ನಾನು ತಪ್ಪುತ್ತಿರಲಿಲ್ಲ. "ಈ ಹುಡುಗಿ ತಪ್ಪೋದಿಲ್ಲ" ಎಂದು ಪ್ರೊಫೆಸರು ಬಂದವರಿಗೆಲ್ಲ ಹೇಳುತ್ತಿದ್ದರು. ಪ್ರಬಂಧ ಹೋದ ಕೂಡಲೇ ಸಂಶೋಧನೆಯ ಸೀಟಿಗೆ ಬರೆಯುತ್ತೇನೆ ಎಂದಿದ್ದರು.

ಆ ವರ್ಷ ದಸರೆಗೆ ಹದಿನೈದು ದಿನ ಇರುವಾಗ ಬಲೆ ಮೂತಿಯ ಅಂಚಿಗೆ ಬಂತು. ಹರಿವು ನೇರವಾಗಿದ್ದರೆ ಸೊನ್ನೆ ಡಿಗ್ರಿ. ಪಕ್ಕಕ್ಕೆ ತಿರುಗಿದರೆ ತೊಂಬತ್ತು. ತೊಂಬತ್ತು ದಾಟಿದರೆ ಗಾಳಿ ಹಿಂದಿರುಗಿ ರಾಕೆಟ್ಟಿನ ಕಡೆಗೇ ಬರುತ್ತಿದೆ ಎಂದು ಅರ್ಥ. ನನ್ನ ಲೆಕ್ಕ ತೊಂಬತ್ತಕ್ಕೆ ನಿಲ್ಲಲಿಲ್ಲ. ನೂರಾ ಮೂರಕ್ಕೆ ಹೋಗಿ ನಿಂತಿತು. ಮೂರು ದಿನ, ಮೂರು ಸಲ ಮಾಡಿದೆ. ಮೂರು ಸಲವೂ ನೂರಾ ಮೂರು. ಶೂನ್ಯಕ್ಕೆ ಬಿಟ್ಟ ಗಾಳಿಗೆ ನಾಚಿಕೆಯಿಲ್ಲ; ಜಾಗ ಸಿಕ್ಕ ಕಡೆಗೆಲ್ಲ ಹೋಗುತ್ತದೆ.

ಪ್ರೊಫೆಸರು ಕಾಗದ ನೋಡಿ ನಕ್ಕರು.

"ಎಲ್ಲೋ ಮೈನಸ್ಸು ಪ್ಲಸ್ಸಾಗಿದೆ ನೋಡಮ್ಮ. ಹೊರಗೆ ಹೋದ ಗಾಳಿ ಹಿಂದಕ್ಕೆ ಯಾಕೆ ಬರುತ್ತೆ? ಮೇಜಿನ ಮೇಲೆ ನೀರು ಹಾಗೆ ಮಾಡಿದೆಯಾ?"

"ಇಲ್ಲ ಸಾರ್. ಆದರೆ ನೀರು ಅಷ್ಟು ತಿರುಗೋದಿಲ್ಲ, ಜಲಜನಕ ಹೆಚ್ಚು ತಿರುಗುತ್ತೆ. ಸಮೀಕರಣದಲ್ಲೇ..."

"ನೀರು ತೋರಿಸಲಿ, ನಂಬ್ತೀನಿ. ನೀನು ತೊಂಬತ್ತಕ್ಕೆ ನಿಲ್ಲಿಸಿ ಪಟ್ಟಿ ಬರೆದುಕೊಡು."

ಬರೆದುಕೊಟ್ಟೆ. ದುಂಡು ಅಕ್ಷರದಲ್ಲಿ, ಕೆಂಪು ಶಾಯಿಯ ಗೆರೆ ಎಳೆದು, ತೊಂಬತ್ತಕ್ಕೆ ನಿಲ್ಲಿಸಿದ ಪಟ್ಟಿ. ನೂರಾ ಮೂರು ನನ್ನ ರಫ್ ಪುಸ್ತಕದಲ್ಲಿ ಉಳಿಯಿತು. ಗುರುಗಳ ಮಾತಿಗೆ ಎದುರಾಡಬಾರದು ಎಂದು ಹುಟ್ಟಿದಾಗಿನಿಂದ ಕೇಳಿ ಬೆಳೆದವರು ನಾವು. ಸಮೀಕರಣಕ್ಕೆ ಆ ಸಂಸ್ಕಾರ ಇರಲಿಲ್ಲ, ಅದಕ್ಕೇ ಅದು ಎದುರಾಡಿತು.

ಅವತ್ತು ಮಧ್ಯಾಹ್ನ ಯಂತ್ರ ಸುಮ್ಮನಾದದ್ದನ್ನು ಕೇಳಿ ಮೇಸ್ತ್ರಿ ಬಂದರು.

"ಯಾಕವ್ವ, ಮಿಸೀನು ಸುಮ್ಕಾಗ್ಬುಡ್ತು?"

"ಲೆಕ್ಕ ಮುಗೀತು ಮೇಸ್ತ್ರಿ. ತೊಂಬತ್ತಕ್ಕೆ ನಿಲ್ಲಿಸಬೇಕಂತೆ."

"ನಿಲ್ಲಿಸ್ಬೇಕಂತೆ ಅಂದ್ರೆ? ಅದಾಗದೇ ನಿಲ್ಲಕಿಲ್ವಾ?"

ಕೈಯನ್ನೇ ಮೂತಿ ಮಾಡಿ ತೋರಿಸಿದೆ. "ಇಲ್ಲ. ಅಂಚು ಬಳಸಿಕೊಂಡು ಹೀಗೆ ಹಿಂದಕ್ಕೆ ಬರುತ್ತೆ. ನೂರಾ ಮೂರು."

"ಸರ್ಯಾಗಿ ನೋಡಿದ್ದೀರಾ?"

"ಮೂರು ಸಲ."

"ಮತ್ತೆ ಅವ್ರಿಗೆ ಏಳೋದಲ್ವಾ?"

"ಹೇಳಿದೆ. ನೀರು ತೋರಿಸಿದರೆ ನಂಬ್ತಾರಂತೆ."

ಮೇಸ್ತ್ರಿ ಸ್ವಲ್ಪ ಹೊತ್ತು ಗಾಜಿನ ಮೇಜನ್ನೇ ನೋಡಿದರು. "ಆಲು ಬಗ್ಗಿಸ್ವಾಗ ಅಂಚಿಗೆ ಅಂಟ್ಕಂಡು ಪಾತ್ರೆ ಕೆಳಕ್ಕೆ ಅರಿಯಕಿಲ್ವಾ, ಅಂಗೆ" ಎಂದರು. ಹಾಲಿನ ಗುಣ ಬೇರೆ, ಗಾಳಿಯ ಗುಣ ಬೇರೆ ಎಂದು ನಾನು ಅವರಿಗೆ ಬಿಡಿಸಿ ಹೇಳಲಿಲ್ಲ. ನನಗೆ ಅಳು ಬರುವಂತಾಗಿತ್ತು.

ಆಯುಧಪೂಜೆಯ ದಿನ ಷೆಡ್ಡಿನ ಹಿಂದಿನ ನಲ್ಲಿಯ ಹತ್ತಿರ ಮೇಸ್ತ್ರಿ ಒಂದು ಪಾತ್ರೆಯಲ್ಲಿ ಏನೋ ಕಿವುಚುತ್ತಿದ್ದರು. ಬಿಳಿ ನೊರೆ ಬಂದಿತ್ತು. ಅಂಟುವಾಳದ ಕಾಯಿ. ನಮ್ಮ ಮನೆಗಳಲ್ಲಿ ಹಬ್ಬಕ್ಕೆ ಬೆಳ್ಳಿ ಸಾಮಾನು ತೊಳೆಯುವುದು ಅದರಲ್ಲೇ.

"ಮೇಸ್ತ್ರಿ, ಮೇಜಿಗೆ ಸೋಪು ಆಗಲ್ಲ ಅಲ್ವಾ?"

"ಇದು ಸೋಪಲ್ಲ ಕಣವ್ವ, ಕಾಯಿ" ಎಂದು ನಕ್ಕರು. ನಾನೂ ನಕ್ಕು ಸುಮ್ಮನಾದೆ. ಅಂಟುವಾಳ ಗಾಜಿಗೆ ಏನು ಮಾಡುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಬರೀ ನೀರು ಗಾಜಿನ ಮೇಲೆ ಮುದುಡಿಕೊಳ್ಳುತ್ತದೆ. ಅಂಟುವಾಳ ಬಿದ್ದರೆ ಮುದುಡುವುದನ್ನು ಬಿಟ್ಟು ಸಿಕ್ಕಿದ ಕಡೆಗೆಲ್ಲ ಹರಡುತ್ತದೆ. ಹಬ್ಬ, ಹೋಗಲಿ, ಆಮೇಲೆ ತೊಳೆದರಾಯಿತು ಎಂದುಕೊಂಡೆ.

ಪೂಜೆ ಚೆನ್ನಾಗಿಯೇ ಆಯಿತು. ಗಾಜಿನ ಮೇಜಿಗೆ ಸೇವಂತಿಗೆ ಹಾರ, ನನ್ನ ಯಂತ್ರದ ಹಿಡಿಗೆ ಕುಂಕುಮ, ಮೇಸ್ತ್ರಿಯ ಉಳಿಗಳಿಗೆ ವಿಭೂತಿ. ಬೂಟು ಬಿಚ್ಚಿಟ್ಟು ಬಂದು ಮಂಗಳಾರತಿ ಎತ್ತಿದವರು ಪ್ರೊಫೆಸರೇ. ಬೂದುಗುಂಬಳಕಾಯಿ ಒಡೆಸಿದರು, ಕಡ್ಲೆಪುರಿ ತಿಂದರು, ಮೇಸ್ತ್ರಿಗೆ ಒಂದು ಪಂಚೆ ಕೊಟ್ಟರು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ ಮುಂದೆ ಬೇಕಾಗುತ್ತದೆ.

ವಿಜಯದಶಮಿ ಕಳೆದ ಮಾರನೆಯ ದಿನ ದಸರೆ ನೋಡಲು ಬಂದಿದ್ದ ಉತ್ತರದ ಒಬ್ಬ ದೊಡ್ಡ ವಿದ್ವಾಂಸರನ್ನು ಪ್ರೊಫೆಸರು ಷೆಡ್ಡಿಗೆ ಕರೆತಂದರು. ಮುಂಚೆ ಹೇಳಿರಲಿಲ್ಲ. ಮೇಜು ಅಂಟುವಾಳದಲ್ಲಿ ತೊಳೆದದ್ದು ಹಾಗೆಯೇ ಇತ್ತು. ಮೇಸ್ತ್ರಿ ನೀರು ಬಿಟ್ಟರು.

ನೀರು ಮೂತಿಯಿಂದ ಬಂತು, ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿತು. ದಿನಾ ನಿಲ್ಲುವ ಕಡೆ ನಿಲ್ಲಲಿಲ್ಲ. ಎರಡು ಅಂಚಿನಲ್ಲೂ ತೆಳುವಾಗಿ ತೇಗದ ತುದಿಯನ್ನು ಬಳಸಿಕೊಂಡು ಮೆಲ್ಲಗೆ ಹಿಂದಕ್ಕೆ ಬಂತು. ನನ್ನ ನೂರಾ ಮೂರು ಕಣ್ಣೆದುರಿಗೇ ಹರಿಯುತ್ತಿತ್ತು.

ವಿದ್ವಾಂಸರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಹಿಂದಕ್ಕೆ ಬರುತ್ತಿದೆಯಲ್ಲ, ಇದು ಸ್ವಾರಸ್ಯವಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಪ್ರೊಫೆಸರ ಕಣ್ಣು ಆಗಲೇ ಮೇಜಿನ ಕೊನೆಗೆ ಹೋಗಿತ್ತು. ಅಲ್ಲಿ ನೀರು ಬೀಳುವ ಕಡೆ ಸಣ್ಣಗೆ ನೊರೆ ಕಟ್ಟಿತ್ತು. ಬೆರಳಿನಿಂದ ಮುಟ್ಟಿ ಉಜ್ಜಿ ನೋಡಿದರು.

"ಏನಯ್ಯ ಹಾಕಿದೀಯ ಇದಕ್ಕೆ?"

"ಅಂಟುವಾಳದಾಗೆ ತೊಳ್ದೆ ಸ್ವಾಮಿ. ಅಬ್ಬಕ್ಕೆ."

ಪ್ರೊಫೆಸರು ಅತಿಥಿಗೆ ವಿವರಿಸಿದರು: ನಮ್ಮ ಜನ, ಹಬ್ಬ, ಸೋಪಿನ ಕಾಯಿ. ಅತಿಥಿ ಸಜ್ಜನರು, ಮೃದುವಾಗಿ ನಕ್ಕರು. ಆದರೆ ಬುದ್ಧಿವಂತರು, ಅಲ್ಲಿಗೇ ಬಿಡಲಿಲ್ಲ. ನೀರು ಸೋಪಿನಿಂದ ಕೆಟ್ಟಿರಬಹುದು, ನಿಜವಾದ ಅನಿಲ ಹೀಗೆ ತಿರುಗುವುದಿಲ್ಲವೆಂದು ಲೆಕ್ಕದಲ್ಲಿ ನೋಡಿದ್ದೀರಾ ಎಂದು ಕೇಳಿದರು. ಪ್ರೊಫೆಸರು ನನ್ನ ಕಡೆ ತಿರುಗಿದರು.

"ಹೇಳಮ್ಮ, ನಿನ್ನ ಲೆಕ್ಕ ಎಷ್ಟಕ್ಕೆ ನಿಲ್ಲುತ್ತೆ?"

ನನ್ನ ಮುಂದೆ ಕೆಂಪು ಗೆರೆಯ ಪಟ್ಟಿ ಇತ್ತು. ಮೊಣಕೈ ಕೆಳಗೆ ರಫ್ ಪುಸ್ತಕ ಇತ್ತು. ಮೇಸ್ತ್ರಿ ನೀರಿನ ತಿರುಪಿನ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಹೆದರಿದ ಮುಖವಲ್ಲ ಅದು. ಏನೋ ಕಾಯುತ್ತಿದ್ದ ಹಾಗಿತ್ತು. ನಾನು ಒಂದು ಅಂಕಿ ಹೇಳಿದ್ದರೆ ಸಾಕಿತ್ತು, ಆ ಅತಿಥಿ ಪುಸ್ತಕ ತೆಗೆಸಿ ನೋಡುತ್ತಿದ್ದರು, ಸೋಪಿನ ಮಾತು ಅಲ್ಲಿಗೆ ಮರೆತುಹೋಗುತ್ತಿತ್ತು.

"ನೈಂಟಿ ಸಾರ್" ಎಂದೆ.

ಆ ಮಾತು ಮೇಸ್ತ್ರಿಗೆ ಅರ್ಥವಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಅವರು ತಲೆ ತಗ್ಗಿಸಿ ತಿರುಪನ್ನು ತಿರುಗಿಸಿ ನೀರು ನಿಲ್ಲಿಸಿದರು.

ಯಾಕೆ ಹಾಗಂದೆ ಎಂದು ನನ್ನನ್ನು ನಾನು ಬಹಳ ವರ್ಷ ಕೇಳಿಕೊಂಡಿದ್ದೇನೆ. ಸೀಟು ತಪ್ಪಿದರೆ ಅಪ್ಪ ಮದುವೆ ಮಾಡಿಬಿಡುತ್ತಾರೆ ಎಂಬ ಭಯ ಎಂದು ಹೇಳಿಕೊಳ್ಳುತ್ತಿದ್ದೆ. ಸುಳ್ಳು. ಅಪ್ಪ ಯಾವತ್ತೂ ಬಲವಂತ ಮಾಡಿದವರಲ್ಲ. ವಿಜ್ಞಾನದ ದೃಷ್ಟಿಯಲ್ಲಿ ಪ್ರೊಫೆಸರು ಹೇಳಿದ್ದೇ ಸರಿಯಲ್ಲವೇ ಎಂದೂ ವಾದಿಸಿಕೊಂಡೆ: ನೀರು ಹಿಂದಕ್ಕೆ ಬಂದದ್ದು ಸೋಪಿನ ದೆಸೆಯಿಂದ, ಗಾಳಿ ಹಿಂದಕ್ಕೆ ಬರುವುದು ಬೇರೆ ಕಾರಣಕ್ಕೆ, ಎರಡೂ ಒಂದೇ ಕಡೆ ತಿರುಗಿದ್ದು ಕಾಕತಾಳೀಯ. ಅದು ನಿಜ. ನಿಜವನ್ನು ಹಿಡಿದುಕೊಂಡು ಸುಳ್ಳು ಹೇಳುವುದು ಓದಿದವರಿಗೆ ಚೆನ್ನಾಗಿ ಬರುತ್ತದೆ. ಇದ್ದದ್ದು ಇಷ್ಟೇ: "ಈ ಹುಡುಗಿ ತಪ್ಪೋದಿಲ್ಲ" ಎಂಬ ಮಾತು ನನಗೆ ಬೇಕಾಗಿತ್ತು. ಅದಕ್ಕಾಗಿ ತಪ್ಪು ಹೇಳಿದೆ.

ಅತಿಥಿಯನ್ನು ಕಳಿಸಿ ಬಂದು ಪ್ರೊಫೆಸರು ಮೇಸ್ತ್ರಿಗೆ ಹೇಳಿದರು, "ವಿಜ್ಞಾನ ನಡೆಯೋ ಜಾಗದಲ್ಲಿ ಮೂಢನಂಬಿಕೆ ನಡೆಯೋದಿಲ್ಲಯ್ಯ. ನಾಳೆಯಿಂದ ಬರಬೇಡ." ಎರಡು ದಿನದ ಹಿಂದೆ ಅದೇ ಮೇಜಿಗೆ ಮಂಗಳಾರತಿ ಎತ್ತಿದ ಕೈ. ಮೇಸ್ತ್ರಿ ಹಬ್ಬದ ಮಾತು ಬಿಟ್ಟರೆ ಬೇರೆ ಏನೂ ಹೇಳಲಿಲ್ಲ. ವಿಭೂತಿ ಮಾಸದ ಉಳಿಗಳನ್ನು ಅದೇ ಹೊಸ ಪಂಚೆಯಲ್ಲಿ ಸುತ್ತಿಕೊಂಡರು. "ಬತ್ತೀನಿ ಕಣವ್ವ" ಎಂದು ನನಗೆ ಹೇಳಿ ಹೋದರು. ಕೋತಿ ತಾನು ತಿಂದು ಮೇಕೆಯ ಮೂತಿಗೆ ಒರೆಸಿತು ಎನ್ನುತ್ತಾರಲ್ಲ, ಅವತ್ತಿನ ಕೋತಿ ಪ್ರೊಫೆಸರೊಬ್ಬರೇ ಅಲ್ಲ.

ಪ್ರಬಂಧ ಹೋಯಿತು. ಮಾವಿನ ಕಾಲದ ಹೊತ್ತಿಗೆ ಒಂದು ಪ್ರಶ್ನೆಯೊಂದಿಗೆ ವಾಪಸು ಬಂತು. ಅಂಚನ್ನು ಬಳಸಿಕೊಂಡು ಹಿಂದಕ್ಕೆ ಬರುವ ಹರಿವನ್ನು ಲೇಖಕರು ಯಾಕೆ ಪರಿಗಣಿಸಿಲ್ಲ ಎಂದು ಪತ್ರಿಕೆಯವರು ಕೇಳಿದ್ದರು. ಪ್ರೊಫೆಸರು ಕಾಗದ ಓದಿ, "ಆ ರಫ್ ಪುಸ್ತಕ ಇದೆಯೇನಮ್ಮ?" ಎಂದರು. ಅಂದರೆ ಅವರು ಮರೆತಿರಲಿಲ್ಲ. ಕೊಟ್ಟೆ. "ಎಸೆಯದೆ ಇಟ್ಟಿದ್ದೀಯಲ್ಲ, ಜಾಣೆ" ಎಂದರು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಸಂತೋಷವಾಯಿತು.

ಆ ಸಂತೋಷದಲ್ಲೇ ಧೈರ್ಯ ಮಾಡಿ, ಮೇಸ್ತ್ರಿಯನ್ನು ಮತ್ತೆ ಕರೆಸಬಹುದಲ್ಲ ಸಾರ್ ಎಂದು ಕೇಳಿದೆ. "ಅದು ಬೇರೆ ವಿಷಯ. ಸೋಪು ಸೋಪೇ" ಎಂದರು. ನಾನು ಮಾತು ಮುಂದುವರಿಸಲಿಲ್ಲ. ನನ್ನ ಸೀಟಿನ ಶಿಫಾರಸಿಗೆ ಅವರು ಅದೇ ವಾರ ರುಜು ಹಾಕಿದರು.

ಅಚ್ಚಾದ ಪ್ರತಿ ಬಂದಾಗ ಅದನ್ನು ತೆಗೆದುಕೊಂಡು ಕೆಸರೆಗೆ ಹೋದೆ. ಮೇಸ್ತ್ರಿ ಮನೆಯ ಮುಂದಿನ ಹೊಂಗೆಯ ನೆರಳಿನಲ್ಲಿ ಯಾರದೋ ಮನೆಯ ಬಾಗಿಲುವಾಡ ಕೆತ್ತುತ್ತಿದ್ದರು. ನನ್ನನ್ನು ಕಂಡು ಎದ್ದರು, ಮಣೆ ಹಾಕಿಸಿದರು. ಅವರ ಹೆಂಡತಿ ಮಜ್ಜಿಗೆ ತಂದುಕೊಟ್ಟರು. ನಾನು ಪುಟ ಬಿಡಿಸಿ ಚಿತ್ರ ತೋರಿಸಿದೆ. ಮೂತಿಯ ಅಂಚಿನಿಂದ ನನ್ನ ಗೆರೆಗಳು ಹಿಂದಕ್ಕೆ ಬಾಗಿದ್ದವು.

"ನೋಡಿ ಮೇಸ್ತ್ರಿ, ಅವತ್ತು ನಿಮ್ಮ ನೀರು ತೋರಿಸಿದ ಹಾಗೇ. ಈಗ ಎಲ್ಲರೂ ಒಪ್ಪಿದ್ದಾರೆ."

ಅವರು ಗೆರೆಗಳ ಮೇಲೆ ಉಗುರು ಆಡಿಸಿದರು. "ಇದರಾಗೆ ನಿಮ್ಮೆಸರು ಎಲ್ಲದೆ?"

"ನನ್ನದು ಹಾಕಿಲ್ಲ."

"ಆಕಿಲ್ವಾ?" ಎಂದರು. ತಮ್ಮ ಕೆಲಸ ಹೋದಾಗಲೂ ಆ ಮುಖ ಅಷ್ಟು ಕೆಟ್ಟಿರಲಿಲ್ಲ. ಅದನ್ನು ನೋಡಲಾರದೆ ನಾನು ಸಮಾಧಾನದ ಮಾತಿಗೆ ಇಳಿದೆ.

"ನಿಮ್ಮದೇನೂ ತಪ್ಪಿರಲಿಲ್ಲ ಬಿಡಿ. ಪಾಪ, ನೀವು ಹಬ್ಬ ಅಂತ ತೊಳೆದಿರಿ."

"ಅಬ್ಬಕ್ಕಾ?" ಎಂದು ನನ್ನ ಮುಖ ನೋಡಿದರು. "ಅದರಿಂದ್ಲ ವರ್ಸದ ಅಬ್ಬದಾಗೆ ನೀವೂ ಇದ್ರಲ್ಲ. ಬರೀ ನೀರ್ನಾಗೆ ಒರಸ್ನಿಲ್ವಾ ನಾನು?"

ಹೌದು. ಹಿಂದಿನ ವರ್ಷವೂ ನಾನು ಅಲ್ಲೇ ಇದ್ದೆ. ಬರೀ ನೀರಿನಲ್ಲಿ ಒರೆಸಿ, ಗಾಜಿಗೆ ಕುಂಕುಮ ತಗುಲದ ಹಾಗೆ ಮೇಜಿನ ಕಾಲಿಗೆ ಇಟ್ಟಿದ್ದರು.

"ನೀರು ತೋರಿಸ್ಲಿ, ನಂಬ್ತೀನಿ ಅಂದಿದ್ರಲ್ಲ ಅವ್ರು" ಎಂದರು ಮೇಸ್ತ್ರಿ. "ಅದ್ಕೇ ತೋರಿಸ್ದೆ. ಕಾಯಿ ಆಕಿದ್ರೆ ನೀರು ಇಂದಕ್ಕೆ ಬತ್ತದೆ ಅಂತ ಮನೇಲಿ ತಟ್ಟೆ ಮ್ಯಾಲೆ ಬುಟ್ಟು ನೋಡ್ಕಂಡೇ ಬಂದಿದ್ದೆ. ಮೂರು ಸಲ ಸರ್ಯಾಗಿ ನೋಡಿದ್ದೀನಿ ಅಂದ್ರಲ್ಲ ನೀವು, ನಿಮ್ಮ ಲೆಕ್ಕ ಅವ್ರು ನಂಬ್ಲಿ ಅಂತ ಮಾಡ್ದೆ ಕಣವ್ವ." ಅಲ್ಲಿಗೆ ನಿಲ್ಲಿಸಿದರು. ಆಮೇಲೆ, ಬೈಗುಳದ ದನಿಯಲ್ಲ, ತಮಗಿನ್ನೂ ಅರ್ಥವಾಗಿಲ್ಲ ಎನ್ನುವ ದನಿಯಲ್ಲಿ ಹೇಳಿದರು. "ಕೇಳಿದಾಗ ನೀವೇ ನೈಂಟಿ ಅಂದ್ಬುಟ್ರಿ."

ಅವರು ಉತ್ತರಕ್ಕೆ ಕಾಯಲಿಲ್ಲ. ಕಾಯುವುದು ಅವರಿಗೆ ಒಂದು ಸಲಕ್ಕೇ ಸಾಕಾಗಿತ್ತು. ಉಳಿ, ಕೊಡತಿ ಎತ್ತಿಕೊಂಡು ಬಾಗಿಲುವಾಡದ ಮುಂದೆ ಕೂತರು. ಮಜ್ಜಿಗೆಯ ಲೋಟ ಕೆಳಗಿಟ್ಟು, ಪತ್ರಿಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಾನು ಒಂಟಿಕೊಪ್ಪಲಿನವರೆಗೂ ನಡೆದೇ ಬಂದೆ.